ನಮ್ಮ ಮನೆಯ ಜೋಡಿ ಕಾರ್ಬುರೇಟರು

ಕೆಲವರಿಗೆ ಆಗಾಗ ನೆಗಡಿಯಾಗುತ್ತದೆ, ಕೆಲವರಿಗೆ ಕಾಲು ಉಳುಕುತ್ತದೆ, ನನಗೆ ನಗೆಪಾಟಲಾಗುತ್ತದೆ. ಸ್ವಲ್ಪ ದಿನ ಏನೂ ಆಗದಿದ್ದರೆ ಓಣಿಯವರೇ ಬಂದು "ಮೈಯಾಗ ಆರಾಮ ಅದೀರಿಲ್ರಿ?" ಎಂದು ವಿಚಾರಿಸಿಕೊಂಡು ಹೋಗುತ್ತಾರೆ. ಇದರಲ್ಲಿ ದೊಡ್ಡ ಪಾಲು ನಮ್ಮ ಕೆಂಪು ಕಾರಿನದು.

ನಾನು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವವನು. ಗಿರಣಿ ಅಂಗಳದ ಶೆಡ್ಡಿನಲ್ಲಿ ಒಂದು ಹಳೇ ಸ್ಪೋರ್ಟ್ಸ್ ಕಾರಿದೆ. ಎರಡೇ ಸೀಟು, ಮೇಲೆ ಛಾವಣಿ ಇಲ್ಲ, ವಯಸ್ಸಿನಲ್ಲಿ ನನಗಿಂತ ಹಿರಿಯದು. ನಮ್ಮ ಕಡೆಯ ಹಳೇ ಕಾರಿನ ಹುಚ್ಚರೆಲ್ಲ ಸೇರಿ ವರ್ಷಕ್ಕೊಮ್ಮೆ ಮರಿಯಮ್ಮನಹಳ್ಳಿ ಹತ್ತಿರದ ಬಯಲಿನಲ್ಲಿ ಖುಷಿಗೆ ಒಂದು ರೇಸ್ ಇಟ್ಟುಕೊಳ್ಳುತ್ತೇವೆ. ಬಹುಮಾನ ಗಿಹುಮಾನ ಏನಿಲ್ಲ. ಮಾನ ಹೋಗದಿದ್ದರೆ ಅದೇ ಬಹುಮಾನ.

ಶೆಡ್ಡಿನ ಶರತ್ತು

ಎರಡು ಸಲ ಓಡಿಸಿದೆ, ಎರಡು ಸಲವೂ ಕೊನೆಯ ಗೆರೆ ಮುಟ್ಟಲಿಲ್ಲ. ಮೊದಲ ಸಲ ರೇಡಿಯೇಟರ್ ಕುದ್ದು ಹೊಗೆ ಎದ್ದಿತು. ಎರಡನೇ ಸಲ ನನ್ನ ಗಾಡಿಯನ್ನು ಟ್ರ್ಯಾಕ್ಟರ್ ಎಳೆದುಕೊಂಡು ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಟ್ರ್ಯಾಕ್ಟರಿಗೆ.

ಅವತ್ತು ಮನೆಗೆ ಬಂದಾಗ ನನ್ನ ಹೆಂಡತಿ ತಣ್ಣಗೆ ಹೇಳಿದಳು: "ಇನ್ನೊಂದ ಸಲ ನೋಡ್ತೀನ್ರಿ. ಬರೋ ವರ್ಷನೂ ಗೆರಿ ಮುಟ್ಟಲಿಲ್ಲಂದ್ರ ಗಾಡಿ ಗುಜರಿಗೆ. ಶೆಡ್ಡಿನ್ಯಾಗ ನನ್ನ ಶಾವಿಗಿ ಮಷೀನ್ ಕುಂದರತೈತಿ."

ಆಕೆ ಕೂಗಾಡಿದ್ದರೆ ಹೆದರುತ್ತಿರಲಿಲ್ಲ. ಆದರೆ ಮರುದಿನ ಟೇಪು ಹಿಡಿದು ಶೆಡ್ಡಿನ ಅಳತೆ ತೆಗೆದುಕೊಳ್ಳುತ್ತಿದ್ದಳು.

ಆಗ ಬುದ್ಧಿ ಹೇಳಿದವರು ನಮ್ಮ ಷಡ್ಡಕ, ನನ್ನ ಹೆಂಡತಿಯ ಅಕ್ಕನ ಗಂಡ. ಸಂಡೂರಿನಲ್ಲಿ ಲಾರಿ ಇಟ್ಟವರು, ಅವರ ಹತ್ತಿರವೂ ಇಂಥದೇ ಒಂದು ಹಳೇ ಕಾರಿದೆ. "ಪೆಟ್ರೋಲಿಗೆ ಗಾಳಿ ಕಲಸಿ ಎಂಜಿನ್ನಿಗೆ ಉಣಸೋದು ಕಾರ್ಬುರೇಟರು. ನಿನ್ನ ಗಾಡಿಗೆ ಇರೋದು ಒಂದ. ಅರೆಹೊಟ್ಟಿ ಉಂಡು ಅದರ ಹೆಂಗ ಓಡೀತಲೇ? ಪಂಪ್‌ಸೆಟ್ಟಿಗೆ ಜೋಡಿಸು, ನೀರರ ಎತ್ತೀತು!" ಎಂದು ಹತ್ತು ಮಂದಿ ಎದುರಿಗೆ ನಕ್ಕರು.

ಅವತ್ತೇ ನಿರ್ಧಾರ ಮಾಡಿದೆ, ಹಾಕಿದರೆ ಜೋಡಿ ಕಾರ್ಬುರೇಟರೇ ಹಾಕಬೇಕು. ಹೆಂಡತಿ ಕೇಳಿ ಮುಗುಳ್ನಕ್ಕಳು. "ಹಾಕ್ರಿ ಹಾಕ್ರಿ. ಗುಜರಿ ತೂಕರ ಹೆಚ್ಚಾಗತೈತಿ."

ಬಿಳೀ ಧೂಳು

ಜೋಡಿ ಮನೆಗೆ ಬಂತು. ಅವ್ವ ಸುಮ್ಮನಿರುತ್ತಾಳೆಯೇ? ನಮ್ಮ ಮನೆಗೆ ಹೊಸ ಸಾಮಾನು ಏನೇ ಬರಲಿ, ಮಿಕ್ಸರ್ ಇರಲಿ, ಕೊಡಪಾನ ಇರಲಿ, ಅವ್ವನ ಕೈಯಿಂದ ವಿಭೂತಿ ಹಚ್ಚಿಸಿಕೊಳ್ಳದೆ ಒಳಗೆ ಬರುವಂತಿಲ್ಲ. ಎರಡನ್ನೂ ಮಣೆಯ ಮೇಲೆ ಕೂರಿಸಿ, ಮೂರು ಬೆರಳಿನಿಂದ ಧಾರಾಳವಾಗಿ ಎಳೆದಳು. ಮುಂದೆ ಎಳೆದಳು, ಹಿಂದೆ ಎಳೆದಳು, ತೂತು ಕಂಡಲ್ಲಿ ಒಂದು ಚಿಟಿಕೆ ಒಳಗೂ ಬಿಟ್ಟಳು.

ಹೊಸಪೇಟೆಯ ಗ್ಯಾರೇಜಿನಲ್ಲಿ ನಮ್ಮ ಮೇಸ್ತ್ರಿ ಅವನ್ನು ಎಂಜಿನ್ನಿಗೆ ಕೂರಿಸಿದರು. ಗಾಡಿ ಸ್ಟಾರ್ಟೇ ಆಗಲೊಲ್ಲದು. ಒಂದು ಹಗಲೆಲ್ಲ ಒದ್ದಾಡಿ, ಕೊನೆಗೆ ಎರಡನ್ನೂ ಬಿಚ್ಚಿ, ಒಳಗಿನ ಸಣ್ಣ ತೂತನ್ನು ಬೆಳಕಿಗೆ ಹಿಡಿದು ನೋಡಿದರು. ಈ ಮನುಷ್ಯ ಗಣಿ ಲಾರಿಗಳಲ್ಲೇ ಕೂದಲು ಹಣ್ಣು ಮಾಡಿಕೊಂಡವರು.

"ಸಂಡೂರ ಧೂಳು ಕೆಂಪಿರತೈತಿ, ನಮ್ಮ ಊರಿಂದು ಕಪ್ಪಿರತೈತಿ. ಇದು ಯಾವೂರ ಧೂಳ್ರೀ ಸಾವ್ಕಾರ್ರ, ಇಷ್ಟು ಬೆಳ್ಳಗ, ಘಮ ಘಮ ಅಂತೈತಲ್ಲ?"

ಮನೆಗೆ ಬಂದು ಅವ್ವನ ಮೇಲೆ ರೇಗಿದರೆ, ಆಕೆ ಕೈ ಮುಗಿದು ಗೋಡೆಯ ಮೇಲಿನ ದೇವರಿಗೆ ಹೇಳಿದಳು: "ನೋಡಪ್ಪಾ, ಗಾಡಿ ಜೋರು ಓಡೋದು ಬ್ಯಾಡಂತ ಬೇಡ್ಕೊಂಡಿದ್ದೆ. ಎಷ್ಟು ಜಲ್ದಿ ಕೇಳಿಸ್ಕೊಂಡಿ!"

ಎಡಗಡೆ ಗೊರಕೆ, ಬಲಗಡೆ ಗೊರಕೆ

ಜೋಡಿ ಕಾರ್ಬುರೇಟರಿನ ಕಷ್ಟ ಏನೆಂದರೆ, ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ನೊಗಕ್ಕೆ ಕಟ್ಟಿದ ಎತ್ತುಗಳಂತೆ, ಒಂದು ಎಳೆದು ಇನ್ನೊಂದು ಮೈಗಳ್ಳನಾದರೆ ಕೆಲಸ ಕೆಟ್ಟಿತು. ಅದನ್ನು ತಿಳಿಯುವುದು ಕಿವಿಯಿಂದ. ರಬ್ಬರ್ ನಳಿಕೆಯ ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ತುದಿ ಕಿವಿಗೆ. ಒಮ್ಮೆ ಎಡಗಡೆಯದು, ಒಮ್ಮೆ ಬಲಗಡೆಯದು ಕೇಳಿ, ಸದ್ದು ಒಂದೇ ಆಗುವ ತನಕ ಸ್ಕ್ರೂ ತಿರುಗಿಸಬೇಕು.

ಮೇಸ್ತ್ರಿಯ ಕಿವಿ ಲಾರಿ ತಿಂದಿತ್ತು, ನನ್ನ ಕಿವಿ ಗಿರಣಿ ತಿಂದಿತ್ತು. "ಎರಡೂ ಒಂದ ಅದಾವ್ರಿ" ಎಂದು ಅವರು ಕೂಗುವುದು, "ಏನಂದ್ರಿ?" ಎಂದು ನಾನು ಕೂಗುವುದು. ಹೀಗೇ ಮಧ್ಯಾಹ್ನವಾಯಿತು.

ಅಷ್ಟರಲ್ಲಿ ಹೆಂಡತಿ ಬಸ್ಸು ಹಿಡಿದು ಬುತ್ತಿ ತಂದಳು. ನಮ್ಮ ಅವತಾರ ನೋಡಿ, ನಳಿಕೆ ಕಸಿದುಕೊಂಡು ತಾನೇ ಕಿವಿಗೆ ಹಚ್ಚಿಕೊಂಡಳು.

"ಇಷ್ಟ ಗೊತ್ತಾಗೂದಿಲ್ಲೇನ್ರಿ? ಎಡಗಡೆದು ನಿಮ್ಮಂಗ ಗೊರಕಿ ಹೊಡ್ಯಾಕತ್ತೈತಿ, ಉದ್ದಕ, ಸೀಟಿ ಹೊಡದಂಗ. ಬಲಗಡೆದು ನಿಮ್ಮವ್ವನ ಗೊರಕಿ, ನಡುನಡುವ ನಿಂತು ನಿಂತು ಬರತೈತಿ."

ಮೇಸ್ತ್ರಿ ಸ್ಕ್ರೂ ತಿರುಗಿಸಿದರು. "ಈಗ್ರಿ ಅಕ್ಕಾರ?" "ಇನ್ನೂ ಅತ್ತೀನ." "ಈಗ?" "ಈಗ ಇಬ್ಬರೂ ನೀವ ಆದ್ರಿ" ಎಂದು ನನ್ನ ಕಡೆ ತಿರುಗಿದಳು. "ಒಂದನ್ನ ಕೇಳಿ ಕೇಳಿ ನನಗ ನಿದ್ದಿಲ್ಲ, ಈಗ ಜೋಡಿ!"

ಗಾಡಿ ಸಣ್ಣಗೆ, ನುಣ್ಣಗೆ ಗುನುಗತೊಡಗಿತು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟರಲ್ಲಿ ಇನ್ನೊಂದು ತಾಪತ್ರಯ. ಎಕ್ಸಿಲರೇಟರ್ ತುಳಿದರೆ ಮೊದಲನೆಯ ಕಾರ್ಬುರೇಟರ್ ತೆರೆಯುತ್ತದೆ, ಅದರಿಂದ ಒಂದು ಸಣ್ಣ ಸರಳು ಎರಡನೆಯದನ್ನು ಎಳೆದು ತೆರೆಯುತ್ತದೆ. ಆ ಸರಳನ್ನು ಹಿಡಿದಿಡುವ ಪಿನ್ನು ಮೇಸ್ತ್ರಿಯ ಕೈಜಾರಿ ಗ್ಯಾರೇಜಿನ ಎಣ್ಣೆ ಮಣ್ಣಿನಲ್ಲಿ ಮಾಯವಾಯಿತು. ಹುಡುಕಿದರೆ ಅದೊಂದು ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು. ಕೊನೆಗೆ ಹೆಂಡತಿ ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ದೊಡ್ಡ ಸೇಫ್ಟಿ ಪಿನ್ನು ಬಿಚ್ಚಿ ಕೊಟ್ಟಳು. ಅಳತೆ ಮಾಡಿಸಿದಂತೆ ಕೂತಿತು.

"ಅದು ನನ್ನ ತವರುಮನಿ ಪಿನ್ನು" ಎಂದಳು ಗಟ್ಟಿಯಾಗಿ. "ಕೊಟ್ಟಿಲ್ಲ, ಬಳಸಾಕ ಕೊಟ್ಟೀನಿ."

ಕಮಲಾಪುರದ ಇಳಿಜಾರು

ಓಡಿಸಿ ನೋಡಲೆಂದು ಕಮಲಾಪುರದ ಕಡೆ ಹೊರಟೆವು. ರೇಸಿನಲ್ಲಿ ಪಕ್ಕದ ಸೀಟಿಗೆ ಒಬ್ಬರು ಇರಲೇಬೇಕು ಎಂಬುದು ನಮ್ಮ ಗುಂಪಿನ ನಿಯಮ, ಆ ಸೀಟು ಮೇಸ್ತ್ರಿಗೆ ಎಂದು ಮಾತಾಗಿತ್ತು. ಗಾಡಿ ಬಾಣದಂತೆ ಹೋಯಿತು. ಖುಷಿಗೆ ಒಂದು ಚಿಪ್ಪು ಬಾಳೆಹಣ್ಣು ತರೋಣವೆಂದು ರಸ್ತೆ ಬದಿ ನಿಲ್ಲಿಸಿ ಇಳಿದೆ.

ನಮ್ಮ ಜನ ಭಾಳ ಒಳ್ಳೆಯವರು, ಅದೇ ತೊಂದರೆ. ಹಳೇ ಕಾರು ನಿಂತಿದೆ ಎಂದರೆ ಕೆಟ್ಟು ನಿಂತಿದೆ ಎಂದೇ ಅರ್ಥ. ಕಬ್ಬಿನ ಗದ್ದೆಯಿಂದ ಮೂವರು ಎದ್ದು ಬಂದು, ಯಾರನ್ನೂ ಕೇಳದೆ, "ಹೂಂ, ಹಾಕ್ರಲೇ ಕೈ!" ಎಂದು ನೂಕಿಯೇ ಬಿಟ್ಟರು. ಮುಂದೆ ಇಳಿಜಾರು. ಡ್ರೈವರ್ ಸೀಟು ಖಾಲಿ, ಪಕ್ಕದಲ್ಲಿ ಮೇಸ್ತ್ರಿ.

"ಬ್ಯಾಡ್ರೋ! ಕೆಟ್ಟಿಲ್ರೋ!" ಎಂದು ಮೇಸ್ತ್ರಿ ಬೊಬ್ಬೆ ಹೊಡೆದರೆ ಅವರು ಇನ್ನೂ ಹುರುಪಿನಿಂದ ನೂಕಿದರು. ನಾನು ಬಾಳೆಹಣ್ಣಿನ ಚಿಪ್ಪು ಹಿಡಿದು ಹಿಂದೆ ಓಡಿದೆ. ಗಾಡಿ ಸೀದಾ ಒಂದು ಬಾಳೆ ತೋಟಕ್ಕೆ ನುಗ್ಗಿ ಮೆತ್ತಗೆ ನಿಂತಿತು.

ನೂಕಿದವರಲ್ಲಿ ಒಬ್ಬ ಏದುಸಿರು ಬಿಡುತ್ತಾ ಕೇಳಿದ: "ಸ್ಟಾರ್ಟ್ ಆಗಲಿಲ್ಲ ನೋಡ್ರಿ. ಇನ್ನೊಮ್ಮೆ ನೂಕೋಣೇನು?"

ಮೇಸ್ತ್ರಿ ಬಸ್ಸು ಹತ್ತಿ ಹೊಸಪೇಟೆಗೆ ಹೋದರು. ಕಾರಿನಿಂದ ಇಳಿಯುವಾಗ ಆಡಿದ ಮಾತು ಇಷ್ಟೇ: "ರಿಪೇರಿ ನಂದು. ಕುಂಡ್ರೋದು ನಿಮ್ಮ ಮನಿಯವರದು."

ಗೆರೆ

ಹೀಗಾಗಿ ರೇಸಿನ ದಿನ ನನ್ನ ಪಕ್ಕ ಕೂರಲು ಬಂದವಳು ಹೆಂಡತಿಯೇ. ಗಾಡಿಯನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಕೂತು ನೋಡುತ್ತೇನೆಂದು ಹೊಸ ಸೀರೆ ಉಟ್ಟಿದ್ದಳು. ಬಯಲಿನಲ್ಲಿ ಹಾಳು ಗಾಳಿ. ತಪಾಸಣೆಗೆಂದು ಗಾಡಿಯ ಬಾನೆಟ್ಟು ಎತ್ತಿ ನಿಲ್ಲಿಸಿ, ನಾನು ಹಿಂದಿನ ಟೈರಿನ ಗಾಳಿ ನೋಡುತ್ತಿದ್ದೆ. ಆಕೆ ಬಂದು ಏನೋ ಕೇಳಿದಳು. "ಏ, ಏನಾರ ಮಾಡ್ಕೊ ಹೋಗ, ನನ್ನ ತಲಿ ತಿನ್ನಬ್ಯಾಡ!" ಎಂದು ರೇಗಿಬಿಟ್ಟೆ.

ಬಾವುಟ ಬಿತ್ತು. ಜೋಡಿ ಕಾರ್ಬುರೇಟರಿನ ಧೈರ್ಯದ ಮೇಲೆ ಒತ್ತಿದೆ ನೋಡಿ! ಗಾಡಿ ಗುರ್ ಎಂದಿತು, ಧೂಳೆದ್ದಿತು. "ಎಡಕ್ಕ ತಿರುವ್ರಿ! ಆ ಕಲ್ಲು ಕಾಣವಲ್ದೇನು?" ಎಂದು ಪಕ್ಕದಿಂದ ಒಂದೇ ಸಮ ಆಜ್ಞೆ. ಅಷ್ಟು ಗಾಳಿಯಲ್ಲೂ ಆಕೆಯ ಸೆರಗು ಒಂದಿಷ್ಟೂ ಅಲುಗಲಿಲ್ಲ. ಕೊನೆಯ ತಿರುವಿನಲ್ಲಿ ಒಂದು ಕಾರು ಧೂಳಿನಲ್ಲಿ ಗಿರ್ರನೆ ತಿರುಗಿ ಅಡ್ಡ ನಿಂತಿತು. ನಾನು ಪಕ್ಕದಿಂದ ಸುರಕ್ ಎಂದು ಹೋದೆ. ಮೂರನೇ ಸಲಕ್ಕೆ, ನನ್ನ ಗಾಡಿಯಲ್ಲೇ ಕೂತು, ಗೆರೆ ದಾಟಿದೆ!

ಕೊನೆಯಿಂದ ಎರಡನೆಯವನು ನಾನು. ಕೊನೆಯವರು ಆ ಅಡ್ಡ ನಿಂತ ಕಾರಿನವರು, ನಮ್ಮ ಷಡ್ಡಕ.

ಧೂಳು ಝಾಡಿಸುತ್ತಾ ಅವರೇ ಓಡಿ ಬಂದರು. "ಏನ್ ಪಿಕಪ್ಪಲೇ ಅದು! ಜೋಡಿ ಅಂದ್ರ ಜೋಡಿ ನೋಡು. ಮಸ್ತ್! ತೋರಿಸು, ನಾನೂ ಹಾಕಿಸ್ತೀನಿ."

ರಿಪೇರಿಗೆಂದು ಬಂದಿದ್ದ ಮೇಸ್ತ್ರಿ ಎದೆಯುಬ್ಬಿಸಿ ಬಾನೆಟ್ಟು ಎತ್ತಿದರು. ಎತ್ತಿದವರೇ ಕಲ್ಲಾದರು. ನಾನು ಬಗ್ಗಿ ನೋಡಿದೆ. ಎರಡನೇ ಕಾರ್ಬುರೇಟರಿನ ಸರಳು ಕಳಚಿ ಜೋತಾಡುತ್ತಿತ್ತು. ರೇಸು ಮುಗಿಯುವವರೆಗೂ ಅದು ಬಾಯೇ ತೆರೆದಿರಲಿಲ್ಲ! ಪಿನ್ನು ಇಲ್ಲ.

ಹೆಂಡತಿ ಹೆಗಲ ಮೇಲಿನ ಸೆರಗು ಮುಟ್ಟಿಕೊಂಡಳು. ಅಲ್ಲಿ ಥಳಥಳ ಹೊಳೆಯುತ್ತಿತ್ತು. "ನನ್ನ ಪಿನ್ನು ತಗೊಳ್ಳೇನ್ರಿ ಅಂತ ಕೇಳಿದ್ನಲ್ಲ? ಏನಾರ ಮಾಡ್ಕೊ ಅಂದ್ರಿ."

"ಏನಾತಲೇ?" ಎಂದು ಷಡ್ಡಕ ಕತ್ತು ಚಾಚುವಷ್ಟರಲ್ಲಿ ಮೇಸ್ತ್ರಿ ಬಾನೆಟ್ಟು ಧಡಾರನೆ ಮುಚ್ಚಿ ಅದರ ಮೇಲೆ ಕೂತೇಬಿಟ್ಟರು. "ಬಿಸಿ ಐತ್ರಿ, ಈಗ ನೋಡಬಾರದು" ಎಂದರು. ಬಿಸಿ ಇದ್ದದ್ದು ನಿಜ, ಪಾಪ, ಆದರೂ ಏಳಲಿಲ್ಲ.

ಕಾರು ಇನ್ನೂ ಶೆಡ್ಡಿನಲ್ಲೇ ಇದೆ. ಶಾವಿಗಿ ಮಷೀನು ಅದರ ಪಕ್ಕದಲ್ಲೇ ಒತ್ತಿಕೊಂಡು ಕೂತಿದೆ, ಇಬ್ಬರಿಗೂ ಜಗಳವಿಲ್ಲ. ನಮ್ಮ ಷಡ್ಡಕ ಮಾತಿಗೆ ತಪ್ಪದೆ ಜೋಡಿ ಹಾಕಿಸಿದರು. ಅವತ್ತಿನಿಂದ ಫೋನೋ ಫೋನು. "ನಿನ್ನ ಗಾಡಿ ಹಂಗ ಓಡವಲ್ದಲೇ! ಏನೋ ಗುಟ್ಟು ಐತಿ, ಹೇಳವಲ್ಲಿ ನೀ."

ಮೊನ್ನೆ ನಾನು ತಡವರಿಸುತ್ತಿದ್ದಾಗ ಹೆಂಡತಿ ಫೋನ್ ಕಸಿದುಕೊಂಡಳು.

"ಅಕ್ಕ ಚೂಡಿದಾರ ಹಾಕ್ಕೊಂಡು ಕುಂತಿರಬೇಕು, ಭಾವಾರ. ಸೀರಿ ಉಡಾಕ ಹೇಳ್ರಿ, ಓಡತೈತಿ."