ಪಂಚಾಕ್ಷರಯ್ಯನವರ ಮುಚ್ಚದ ಕಿಟಕಿ

"ಉಪ್ಪು ಜಾಸ್ತಿ ಆಯ್ತೇನೋ?" ಎಂದು ಪಂಚಾಕ್ಷರಯ್ಯನವರು ಸಾರಿನ ಪಾತ್ರೆಯನ್ನು ಕೇಳಿದರು.

"ಒಂದು ಆಲೂಗಡ್ಡೆ ಹೆಚ್ಚಿ ಹಾಕಿ ಕುದಿಸಿ, ಸರಿಹೋಗುತ್ತೆ" ಎಂದು ನಡುಮನೆಯ ಕಿಟಕಿ ಉತ್ತರ ಕೊಟ್ಟಿತು.

ಸೌಟು ಕೈಜಾರಿ ಪಂಚೆಯ ಮೇಲೆ ಬಿತ್ತು. ಮಾತಾಡಿದ್ದು ಕಿಟಕಿಯಲ್ಲ, ಅದರಾಚೆ ಈ ಮನೆಯದೇ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಪಕ್ಕದ ಮನೆಯ ಭಾಗೀರಥಮ್ಮ. ಆಕೆ ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಿನ್ನೆ ಹುಡುಕ್ತಿದ್ರಲ್ಲ, ಷರಟಿನ ಗುಂಡಿ, ಸಿಕ್ತಾ?" ಎಂದು ವಿಚಾರಿಸಿದರು.

ಪಂಚಾಕ್ಷರಯ್ಯನವರ ಕಿವಿ ಕಾದ ಕಾವಲಿಯಂತಾಯಿತು. ಐವತ್ತು ದಾಟಿದ ಅವರಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದರು. ತಾಯಿ ತೀರಿಕೊಂಡ ಮೇಲೆ ಚಾಮರಾಜಪೇಟೆಯ ಆ ಮನೆಯಲ್ಲಿ ಅವರು ಮಾತಾಡುತ್ತಿದ್ದುದು ಪಾತ್ರೆಗಳ ಜೊತೆ, ಗಡಿಯಾರದ ಜೊತೆ, ಒಮ್ಮೊಮ್ಮೆ ಚಪ್ಪಲಿಯ ಜೊತೆ. ಆಫೀಸಿನಲ್ಲಾಗಲಿ ಬೀದಿಯಲ್ಲಾಗಲಿ ಮನುಷ್ಯರ ಮುಂದೆ ನಿಂತರೆ ಮಾತು ಗಂಟಲಲ್ಲೇ ಕೂತುಬಿಡುತ್ತಿತ್ತು. ಮನೆಯೊಳಗಿನ ಈ ಮಾತುಕತೆ ತನ್ನೊಬ್ಬನ ಗುಟ್ಟೆಂದು ಅವರು ನಂಬಿದ್ದರು. ಈಗ ನೋಡಿದರೆ ಇಡೀ ಬೀದಿ ಅದನ್ನು ಧಾರಾವಾಹಿಯಂತೆ ಕೇಳುತ್ತಿದೆ!

ತಪ್ಪೆಲ್ಲ ಆ ಕಿಟಕಿಯದು. ಅಜ್ಜನ ಕಾಲದ ಉಕ್ಕಿನ ಚೌಕಟ್ಟು. ದೀಪಾವಳಿಗೊಮ್ಮೆ ಬಳಿದ ಬಣ್ಣ ಪದರ ಪದರವಾಗಿ ಕೂತು, ಕೆಳಗೆ ತುಕ್ಕು ಹಿಡಿದು, ಬಾಗಿಲುಗಳು ಅರ್ಧ ತೆರೆದಲ್ಲೇ ಬಿಗಿದುಹೋಗಿದ್ದವು. ತಳ್ಳಿದರೆ ಭುಜ ನೋಯುತ್ತಿತ್ತೇ ಹೊರತು ಕಿಟಕಿ ಮುಚ್ಚುತ್ತಿರಲಿಲ್ಲ.

ಅವತ್ತೇ ಶೇಷಾದ್ರಿಪುರದ ಮುರುಗೇಶನ ಅಂಗಡಿಗೆ ಹೋಗಿ ಅಲ್ಯುಮಿನಿಯಂ ಕಿಟಕಿಗೆ ಹೇಳಿ ಬಂದರು. ಅವನು ಬಂದು ಅಳತೆ ತೆಗೆದುಕೊಂಡು, "ಹಾಕಿದ್ಮೇಲೆ ಒಂದು ಸೊಳ್ಳೆ ಸದ್ದೂ ಬರಲ್ಲ ಸಾರ್" ಎಂದು ಭರವಸೆ ಕೊಟ್ಟ. "ಒಳಗಿಂದು ಹೊರಗೆ ಹೋಗತ್ತೋ?" ಎಂದರು ಪಂಚಾಕ್ಷರಯ್ಯ. ಅವರಿಗೆ ಬೇಕಾಗಿದ್ದುದು ಅದು.

ಗುರುವಾರ ಆಫೀಸಿಗೆ ಜ್ವರ ಎಂದು ಹೇಳಿ ಕಳಿಸಿ, ತಲೆಗೆ ಟವೆಲು ಸುತ್ತಿ ನಿಂತರು. ಮುರುಗೇಶ ಉಳಿ ಸುತ್ತಿಗೆ ಹಿಡಿದ. ಕಿಟಕಿ ಜಗ್ಗಲಿಲ್ಲ. ಎದುರು ಮನೆಯ ಶೀನಣ್ಣ, ನಿವೃತ್ತರಾದ ಮೇಲೆ ಊರಿನ ಕೆಲಸವನ್ನೆಲ್ಲ ತಾವೇ ನೋಡಿಕೊಳ್ಳುತ್ತಿದ್ದವರು, ಗೇಟು ದಾಟಿ ಬಂದರು.

"ಅದು ಹಳೇ ಉಕ್ಕು ಕಣಯ್ಯ. ಗೋಡೆ ಬೇಕಾದ್ರೆ ಬಿದ್ದೀತು, ಅದು ಬರಲ್ಲ. ಹಾರೆ ಹಾಕು, ಹಾರೆ."

ಹಾರೆ ಹಾಕಿದ್ದಾಯಿತು. ಶೀನಣ್ಣನ ಮಾತಿನ ಮೊದಲ ಭಾಗವೂ ನಿಜವಾಯಿತು, ಎರಡನೆಯದೂ ಅರ್ಧ ನಿಜವಾಯಿತು. ಕಿಟಕಿ ಬಂತು, ಆದರೆ ಗೋಡೆಯನ್ನು ಅಪ್ಪಿಕೊಂಡೇ ಬಂತು. ಧೂಳು ಇಳಿದಾಗ ನಡುಮನೆಯ ಗೋಡೆಯಲ್ಲಿ ಎಮ್ಮೆ ನುಗ್ಗುವಷ್ಟು ದೊಡ್ಡ ಬಾಯಿ ತೆರೆದಿತ್ತು. ಮುರುಗೇಶ ತಂದಿದ್ದ ಹೊಸ ಕಿಟಕಿಯನ್ನು ಅದರಲ್ಲಿಟ್ಟರೆ, ಅಪ್ಪನ ಅಂಗಿ ತೊಟ್ಟ ಮಗುವಿನಂತೆ ಕಂಡಿತು.

"ಬೇರೆ ಮಾಡ್ಬೇಕು ಸಾರ್. ಒಂದು ವಾರ" ಎಂದು ತಲೆ ಕೆರೆದುಕೊಂಡು ಮುರುಗೇಶ ಹೊರಟೇಹೋದ.

"ಒಂದು ವಾರ ಹೀಗೇನಾ?" ಎಂದು ಪಂಚಾಕ್ಷರಯ್ಯ ಇಟ್ಟಿಗೆ ಚೂರುಗಳನ್ನು ಕೇಳಿದರು.

"ನಾವಿಲ್ವಾ, ಯಾಕೆ ಹೆದರ್ತೀರಿ?" ಎಂದು ಭಾಗೀರಥಮ್ಮ ಆ ಬಾಯಿಯ ಮೂಲಕವೇ ಸೀರೆ ಎತ್ತಿ ಹಿಡಿದು ಒಳಗೆ ಬಂದರು. ಕೈಯಲ್ಲಿ ಕಾಫಿ. ಇಷ್ಟು ವರ್ಷ ಪಕ್ಕದಲ್ಲಿದ್ದೂ ಬಾಗಿಲಿನಿಂದ ಯಾರೂ ಅವರನ್ನು ಕರೆದಿರಲಿಲ್ಲ. ಈಗ ಬಾಗಿಲೇ ಬೇಕಾಗಿರಲಿಲ್ಲ.

ಆಮೇಲೆ ನಡೆದದ್ದಕ್ಕೆ ಲೆಕ್ಕವಿಲ್ಲ. ಶೀನಣ್ಣ ಕುರ್ಚಿ ಎಳೆದುಕೊಂಡು ಆ ಕಂಡಿಯಲ್ಲಿ ಕಾವಲು ಕೂತರು. ಸೊಪ್ಪಿನ ಅಂಜಮ್ಮ ಬುಟ್ಟಿಯನ್ನು ನೇರ ಒಳಗಿಳಿಸಿ, ಅಲ್ಲೇ ಬೀದಿಗೆಲ್ಲ ಕೀರೆಸೊಪ್ಪು ಮಾರತೊಡಗಿದಳು. ಹಸುವೊಂದು ಕುತ್ತಿಗೆ ತೂರಿಸಿ ಅವಳ ಎರಡು ಕಟ್ಟು ದಂಟನ್ನೂ, ಪಂಚಾಕ್ಷರಯ್ಯನವರು ಇನ್ನೂ ಓದದ ದಿನಪತ್ರಿಕೆಯನ್ನೂ ತಿಂದುಹೋಯಿತು. ಎಲ್ಲರೂ ನಕ್ಕರು. ತಾವೂ ನಗುತ್ತಿರುವುದು ಪಂಚಾಕ್ಷರಯ್ಯನವರಿಗೆ ಸ್ವಲ್ಪ ತಡವಾಗಿ ತಿಳಿಯಿತು.

ಅಷ್ಟರಲ್ಲಿ ಸ್ಕೂಟರೊಂದು ಗಕ್ಕನೆ ನಿಂತಿತು. ಅವರ ಆಫೀಸಿನ ಮೇಲಧಿಕಾರಿ ಚಂದ್ರಶೇಖರಯ್ಯ!

"ಏನ್ರೀ, ಜ್ವರ ಅಂದ್ರಿ?"

ಪಂಚಾಕ್ಷರಯ್ಯನವರ ಬಾಯಲ್ಲಿ ಭಾಗೀರಥಮ್ಮ ಕರಿದು ತಂದ ಬಿಸಿ ಬೋಂಡ, ಕೈಯಲ್ಲಿ ಪೊರಕೆ. ಮಾತು ಎಂದಿನಂತೆ ಗಂಟಲಲ್ಲಿ, ಈ ಸಲ ಬೋಂಡದ ಹಿಂದೆ. ಶೀನಣ್ಣ ಕುರ್ಚಿ ಬಿಟ್ಟೆದ್ದರು. "ನೂರ ಮೂರು ಡಿಗ್ರಿ ಸಾರ್! ಜ್ವರದ ಗುಂಗಲ್ಲಿ ಗೋಡೆ ಒಡೆದುಬಿಟ್ಟಿದಾರೆ. ಈಗ ಗುಡಿಸ್ತಿದಾರೆ, ನೋಡಿ." ಭಾಗೀರಥಮ್ಮ ಒದ್ದೆ ಬಟ್ಟೆಯನ್ನು ರಪ್ಪನೆ ಅವರ ಹಣೆಗೊತ್ತಿ, "ಮಲ್ಕೊಳ್ಳಪ್ಪ, ಹಟ ಮಾಡ್ಬೇಡ" ಎಂದರು.

ಚಂದ್ರಶೇಖರಯ್ಯ ಗೋಡೆ ನೋಡಿದರು, ಹೆದರಿದರು. "ಪೂರ್ತಿ ವಾಸಿಯಾದ್ಮೇಲೇ ಬನ್ನಿ" ಎಂದು ಸ್ಕೂಟರ್ ಓಡಿಸಿದರು.

ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ಪಂಚಾಕ್ಷರಯ್ಯ ಕೂಡಲೇ ತೆಗೆಯಲಿಲ್ಲ. ತಾಯಿ ಹೋದ ಮೇಲೆ ಅವರ ಹಣೆಯನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

ಮಧ್ಯಾಹ್ನ ಶೀನಣ್ಣ, ಭಾಗೀರಥಮ್ಮ, ಪಂಚಾಕ್ಷರಯ್ಯ ಮೂವರೂ ಅಲ್ಲೇ ಉಂಡರು. "ನಿಮ್ಮಮ್ಮನೂ ಹೀಗೇ, ಒಬ್ರೇ ಮಾತಾಡೋರು" ಎಂದರು ಭಾಗೀರಥಮ್ಮ. "ನಾನು ಹೊರಗಿಂದ 'ಹೂಂ' ಅಂತಿದ್ದೆ. ಅವರಿಗೂ ಗೊತ್ತಿತ್ತು. ನಿಲ್ಲಿಸ್ತಿರ್ಲಿಲ್ಲ."

ಪಂಚಾಕ್ಷರಯ್ಯನವರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. "ಅಮ್ಮ ಏನು ಹೇಳ್ತಿದ್ರು?" ಎಂದು ಕೇಳಿದರು. ಕಿಟಕಿಯ ವ್ಯವಹಾರ ಬಿಟ್ಟರೆ, ಬಹಳ ದಿನಗಳ ಮೇಲೆ ಅವರು ಇನ್ನೊಬ್ಬರನ್ನು ಕೇಳಿದ ಮೊದಲ ಪ್ರಶ್ನೆ ಅದು.

"ನನ್ನ ಮಗಂಗೆ ಬಾಯಿಲ್ಲ, ನಾನು ಹೋದ್ಮೇಲೆ ಯಾರು ಮಾತಾಡಿಸ್ತಾರೋ ಅಂತಿದ್ರು."

ಊಟವಾದದ್ದೇ ಪಂಚಾಕ್ಷರಯ್ಯ ಎದ್ದು ಷರಟು ಹಾಕಿಕೊಂಡರು. "ಮುರುಗೇಶನ್ನ ನೋಡಿ ಬರ್ತೀನಿ" ಎಂದಷ್ಟೇ ಹೇಳಿದರು.

"ಪಾಪ, ಆ ಕಿಟಕಿ ಚಿಂತೆ ಅವ್ರನ್ನ ತಿಂತಿದೆ" ಎಂದು ಶೀನಣ್ಣ ಹಿಂದಿನಿಂದ ಹೇಳಿದ್ದು ಅವರಿಗೆ ಕೇಳಿಸಲಿಲ್ಲ.

ಎರಡು ಬಸ್ಸು ಬದಲಿಸಿ ಶೇಷಾದ್ರಿಪುರ ಸೇರಿದರು. ಅವರನ್ನು ಕಂಡು ಮುರುಗೇಶ ಬೈಗುಳಕ್ಕೆ ತಯಾರಾಗಿ ನಿಂತ.

"ಮುರುಗೇಶ, ಅವಸರ ಮಾಡ್ಬೇಡಪ್ಪ. ನಿಧಾನವಾಗಿ ಮಾಡು. ಒಂದು ತಿಂಗಳು ಆಗ್ಲಿ. ಎರಡಾದ್ರೂ ಪರ್ವಾಗಿಲ್ಲ."

ಇಂಥ ಗಿರಾಕಿಯನ್ನು ಮುರುಗೇಶ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕುರ್ಚಿ ಹಾಕಿ ಕೂರಿಸಿ ಟೀ ಕುಡಿಸಿದ.

ವಾಪಸು ಬರುವಾಗ ಪಂಚಾಕ್ಷರಯ್ಯ ಖಾರದಂಗಡಿಯಲ್ಲಿ ಒಂದು ದೊಡ್ಡ ಪೊಟ್ಟಣ ಮಿಕ್ಸ್ಚರ್ ಕಟ್ಟಿಸಿದರು. ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದರು: 'ಬನ್ನಿ, ಕೂತ್ಕೊಳ್ಳಿ. ಕಾಫಿ ಮಾಡ್ತೀನಿ. ಅಮ್ಮನ ಮಾತು ಇನ್ನೂ ಹೇಳಿ.' ಪಕ್ಕದಲ್ಲಿ ಕೂತಿದ್ದವನು ಸ್ವಲ್ಪ ದೂರ ಸರಿದ. ಅದಕ್ಕೂ ಅವರು ನಾಚಲಿಲ್ಲ.

ಬೀದಿ ತಿರುಗಿದಾಗ ಮನೆ ಮುಂದೆ ಜನ ಸೇರಿದ್ದರು. ಗೋಡೆಯ ಬಾಯಿ ಮುಚ್ಚಿತ್ತು. ಅದರ ತುಂಬ ಒಂದೇ ಗಾಜು, ನೀಲಿಯಾಗಿ, ಇಳಿಬಿಸಿಲಿಗೆ ಕನ್ನಡಿಯಂತೆ ಥಳಥಳ ಹೊಳೆಯುತ್ತಿತ್ತು. ಸುತ್ತ ಹಸಿ ಸಿಮೆಂಟು.

"ಬನ್ನಿ, ಬನ್ನಿ!" ಎಂದು ಶೀನಣ್ಣ ಕೂಗಿದರು. "ನೀವು ಪಡ್ತಿದ್ದ ಕಷ್ಟ ನೋಡೋಕಾಗ್ಲಿಲ್ಲ ರೀ. ನಮ್ಮ ಭಾಮೈದನ ಹತ್ರ ಯಾವ್ದೋ ಚಿನ್ನದಂಗಡಿಗೆ ಮಾಡಿದ್ದು ಹಾಗೇ ಉಳಿದಿತ್ತು. ಆಟೋದಲ್ಲಿ ತರ್ಸಿ, ಗಾರೆಯವನನ್ನ ಕರೆಸಿ, ಕೂರ್ಸೇಬಿಟ್ವಿ. ಎರಡು ಪದರ ಗಾಜು. ತೆಗೆಯೋ ಹಾಗೇ ಇಲ್ಲ. ಪಟಾಕಿ ಹೊಡೆದ್ರೂ ಒಳಗೆ ಕೇಳ್ಸಲ್ಲ!"

"ನಾವೆಲ್ಲ ತೀರ್ಮಾನ ಮಾಡಿದೀವಿ" ಎಂದರು ಭಾಗೀರಥಮ್ಮ, ದೊಡ್ಡ ತ್ಯಾಗ ಮಾಡಿದವರ ದನಿಯಲ್ಲಿ. "ಇನ್ಮೇಲೆ ನಿಮ್ಮ ಜಗಲಿ ಮೇಲೆ ಕೂರಲ್ಲ. ಪಾಪ, ನಮ್ಮಿಂದ ತಾನೇ ನಿಮಗೆ ಕಿರಿಕಿರಿ ಆಗಿದ್ದು? ಆರಾಮಾಗಿರಿ."

ಬಾಯಿಪಾಠವೆಲ್ಲ ಗಂಟಲಿಗೆ ಬಂದು ನಿಂತಿತು. "ತುಂಬಾ... ತುಂಬಾ ಉಪಕಾರ ಆಯ್ತು" ಎಂದರು ಪಂಚಾಕ್ಷರಯ್ಯ. ಮಿಕ್ಸ್ಚರನ್ನು ತಟ್ಟೆಗೆ ಹಾಕಿ ಕೊಡುವಾಗಲಾದರೂ ಬಾಯಿ ಬಂದೀತೆಂದು ಲಗುಬಗೆಯಿಂದ ಒಳಗೆ ಹೋದರು.

ತಟ್ಟೆ ಹಿಡಿದು ನಡುಮನೆಗೆ ಬಂದವರು ಹಾಗೇ ನಿಂತುಬಿಟ್ಟರು. ಗಾಜಿನಾಚೆ ಬೀದಿಯ ಜನರೆಲ್ಲ ಸಾಲಾಗಿ ನಿಂತು, ನೇರ ಅವರನ್ನೇ ನೋಡಿ ಮುಗುಳ್ನಗುತ್ತಿದ್ದರು. ಇಷ್ಟು ಮುಖಗಳು ಒಟ್ಟಿಗೆ ತಮ್ಮನ್ನು ನೋಡಿ ನಕ್ಕದ್ದು ಅವರಿಗೆ ನೆನಪಿರಲಿಲ್ಲ. ಕಣ್ಣು ತುಂಬಿ ಬಂತು. ತಟ್ಟೆ ಎತ್ತಿ ತೋರಿಸಿ, ಎಲ್ಲರಿಗೂ ಕೇಳುವಂತೆ, ಒಂದಕ್ಷರವೂ ತಡವರಿಸದೆ ಹೇಳಿದರು:

"ಬನ್ನಿ, ಒಳಗೆ ಬನ್ನಿ. ಕೂತು ಮಾತಾಡೋಣ."

ಭಾಗೀರಥಮ್ಮ ಇನ್ನೂ ಹತ್ತಿರ ಬಂದರು. ಮೂಗು ಗಾಜಿಗೆ ತಾಗುವಷ್ಟು. ಬಾಯಿ ಅಗಲ ಮಾಡಿ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಸೊಪ್ಪನ್ನು ಉಗುರಿನಿಂದ ತೆಗೆದುಕೊಂಡರು. ಹಣೆಯ ಕುಂಕುಮ ನೇರ ಮಾಡಿಕೊಂಡು, ಹಿಂದಿದ್ದವರಿಗೆ ಜಾಗ ಬಿಟ್ಟರು. ಶೀನಣ್ಣ ಮುಂದೆ ಬಂದು ಜೇಬಿನಿಂದ ಬಾಚಣಿಗೆ ತೆಗೆದರು.