ಮಲ್ಲಿಗೆ ಘಮಘಮಿಸಿದ ಆಪರೇಷನ್ ಕೋಣೆ

ನಮ್ಮ ಮನೆತನದವರು ಸಹಿ ಹಾಕಿ ಅನ್ನ ತಿನ್ನುವುದು ಆಗದ ಮಾತು ಎಂದು ಹೇಳಿದವರು ನನ್ನ ಸೋದರಮಾವ ರಂಗಪ್ಪ. ಒಂದು ಸಲ ಹೇಳಿ ಸುಮ್ಮನಾದವರಲ್ಲ. ನಾನು ಪಿಯುಸಿಗೆ ಸೇರಿದಾಗ ಹೇಳಿದರು, ಬಿ.ಎಸ್ಸಿ.ಗೆ ಸೇರಿದಾಗ ಹೇಳಿದರು, ಕೆಮಿಸ್ಟ್ರಿಯಲ್ಲಿ ಒಂದು ಪೇಪರು ಉಳಿಸಿಕೊಂಡಾಗಂತೂ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಹೇಳಿದರು. “ಹೆಬ್ಬೆಟ್ಟು ಒತ್ತೋ ಜನ ಕಣೇ ನಾವು. ನಿಂಗ್ಯಾರು ಕೊಡ್ತಾರೆ ಪೆನ್ ಹಿಡ್ಯೋ ಕೆಲ್ಸ?” ಮಾವ ಎರಕದ ಶೆಡ್ಡಿನಲ್ಲಿ ದುಡಿದವರು. ಕಾದ ಕಬ್ಬಿಣದ ಕಿಡಿಯೊಂದು ಅವರ ಎಡಗಣ್ಣನ್ನು ಪೂರ್ತಿ ತೆಗೆದಿತ್ತು. ಅದಕ್ಕೇ ಯಾರ ಬಗ್ಗೆಯೂ ಒಳ್ಳೆಯದು ಹೇಳದಿದ್ದರೂ ಜನ ಅವರನ್ನು ಕ್ಷಮಿಸುತ್ತಿದ್ದರು. ನಾನು ಆ ಪೇಪರನ್ನೂ ಮುಗಿಸಿ ಪಾಸಾದ ದಿನ ಅಪ್ಪ ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕಿ, ಮೇಲೊಂದು ಗಂಧದ ಹಾರ ಬೇರೆ ಏರಿಸಿದರು. ಬಂದವರು ಅದನ್ನು ದೂರದಿಂದ ಕಂಡು, “ಪಾಪ, ಯಾವಾಗ ಹೋಗಿದ್ದು?” ಎಂದು ಕೇಳುತ್ತಿದ್ದರು.

ನನಗೆ ಕೆಲಸ ಸಿಕ್ಕಿದ್ದು ಶಿವಮೊಗ್ಗದ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ. ಹುದ್ದೆಯ ಹೆಸರು ದೊಡ್ಡದಿತ್ತು. ಕೆಲಸ ಮಾತ್ರ ಕ್ರಿಮಿ ಸಾಯಲೆಂದು ಹೊಗೆ ಹಾಕುವುದು. ಆಪರೇಷನ್ ಕೋಣೆಯ ನಡುವೆ ಒಂದು ಪಿಂಗಾಣಿ ಬೋಗುಣಿ ಇಟ್ಟು, ನೇರಳೆ ಬಣ್ಣದ ಪರ್ಮಾಂಗನೇಟ್ ಹರಳುಗಳ ಮೇಲೆ ಫಾರ್ಮಲಿನ್ ಸುರಿದು, ಅದು ಬುಸುಗುಟ್ಟುವುದರೊಳಗೆ ಹೊರಗೆ ಓಡಬೇಕು. ಬಾಗಿಲ ಸಂದಿಗೆಲ್ಲ ಟೇಪು ಅಂಟಿಸಬೇಕು. ಮರುದಿನ ಒಳಗೆ ಅಮೋನಿಯ ಇಟ್ಟು ಆ ಹೊಗೆಯನ್ನು ಸಾಯಿಸಿ, ಕೋಣೆ ತೊಳೆದು, ‘ಈ ಕೊಠಡಿ ಶಸ್ತ್ರಚಿಕಿತ್ಸೆಗೆ ಯೋಗ್ಯವಾಗಿದೆ’ ಎಂಬ ಪತ್ರಕ್ಕೆ ಸಹಿ ಹಾಕಬೇಕು. ಯಾವುದೋ ಊರಿನ ಶಿಬಿರವೊಂದರಲ್ಲಿ ಆಪರೇಷನ್ ಆದವರ ಕಣ್ಣುಗಳು ಕೀವು ತುಂಬಿ ಹೋದವೆಂಬ ಸುದ್ದಿ ಬಂದ ಮೇಲೆ ನಮ್ಮ ಡಾಕ್ಟರು ಈ ಪತ್ರದ ಪದ್ಧತಿ ತಂದಿದ್ದರು. ಅಂತೂ ನಮ್ಮ ವಂಶಕ್ಕೊಂದು ಸಹಿ ಬಂತು. ಮೊದಲ ಪತ್ರದಲ್ಲಿ ನನ್ನ ಸಹಿ ಎಷ್ಟು ದೊಡ್ಡದಿತ್ತೆಂದರೆ ತಾರೀಖು ಬರೆಯಲು ಜಾಗ ಉಳಿಯಲಿಲ್ಲ.

ಆ ಫಾರ್ಮಲಿನ್ ಬರುತ್ತಿದ್ದುದು ಗಾಂಧಿ ಬಜಾರಿನ ಒಂದು ಅಂಗಡಿಯಿಂದ. ಸಾಂಬ್ರಾಣಿ, ಫಿನಾಯಿಲು, ಇಲಿಪಾಷಾಣ ಎಲ್ಲ ಒಂದೇ ಕಪಾಟಿನಲ್ಲಿ. ಅಂಗಡಿಯವರು ಹಳೆಯ ಎಣ್ಣೆ ಕ್ಯಾನಿಗೆ ಸುರಿದು ಕೊಡುತ್ತಿದ್ದರು. ಅದನ್ನು ಯಾರು ಮಾರಬಹುದು, ಯಾರು ಮುಟ್ಟಬಹುದು, ಮುಟ್ಟುವವರು ಏನು ಹಾಕಿಕೊಂಡಿರಬೇಕು ಎಂದು ಹೇಳುವ ಕಾನೂನು ಎಲ್ಲೋ ಇದ್ದಿರಬೇಕು. ಆ ಅಂಗಡಿಯ ತನಕ ಬಂದಿರಲಿಲ್ಲ. ನಾನು ಮಾಸ್ಕ್ ಕೇಳಿದಾಗ ಡಾಕ್ಟರು ನಕ್ಕರು. “ನಾವೆಲ್ಲ ಕಾಲೇಜಲ್ಲಿ ಫಾರ್ಮಲಿನ್ ಕುಡ್ದೇ ಬೆಳೆದವ್ರಮ್ಮ. ಏನೂ ಆಗಲ್ಲ.” ನಾನೂ ಆಯಾ ಸೆಲ್ವಿಯೂ ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡು ಒಳಗೆ ಹೋಗಿ, ಯಾರೋ ಹತ್ತಿರದವರು ಸತ್ತಂತೆ ಅಳುತ್ತ ಹೊರಬರುತ್ತಿದ್ದೆವು. ಸೆಲ್ವಿಗೆ ಕೆಮ್ಮು ಶುರುವಾಯಿತು, ನಿಲ್ಲಲೇ ಇಲ್ಲ. ನನಗೆ ವಾಸನೆಯೇ ಹೋಯಿತು. ಒಲೆಯ ಮೇಲೆ ಅನ್ನ ಸೀದು ಪಕ್ಕದ ಮನೆಯವರು ಓಡಿಬಂದರೂ ನಾನು ಪಾತ್ರೆಯ ಪಕ್ಕದಲ್ಲೇ ಕುಳಿತು ಪೇಪರು ಓದುತ್ತಿರುತ್ತಿದ್ದೆ. “ಓದಿದೋಳು, ಯೋಚ್ನೇಲಿರ್ತಾಳೆ” ಎಂದು ಅಮ್ಮ ಸಮರ್ಥಿಸಿಕೊಳ್ಳುತ್ತಿದ್ದಳು. ಡಿಗ್ರಿ ಇದ್ದರೆ ಇಂಥದ್ದಕ್ಕೂ ಒಂದು ಗೌರವ.

ಹೀಗಿರುವಾಗ ಮಾವನ ಉಳಿದ ಒಂದು ಕಣ್ಣಿಗೂ ಪೊರೆ ಬಂತು. ಬಸ್ಸಿನ ಬೋರ್ಡು ಕಾಣದಾಯಿತು, ಆಮೇಲೆ ಬಸ್ಸೇ ಕಾಣದಾಯಿತು. ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್ ಎಂದು ನಿಶ್ಚಯವಾಯಿತು. ಮಾವ ಹಟ ಹಿಡಿದು ವಿಜಯದಶಮಿಯ ಬೆಳಿಗ್ಗೆಯೇ ಆಗಬೇಕೆಂದರು. ನಾನು ಎರಡು ದಿನ ಮುಂಚೆ ಹೊಗೆ ಹಾಕಿ, ಆಯುಧಪೂಜೆಯ ಬೆಳಿಗ್ಗೆ ಕೋಣೆ ತೊಳೆದು, ಸಹಿಯನ್ನು ಆಪರೇಷನ್ನಿನ ಹೊತ್ತಿಗೆ ಉಳಿಸಿ, ಬೀಗ ಜಡಿದು, ಹಬ್ಬಕ್ಕೆಂದು ಭದ್ರಾವತಿಗೆ ಮಾವನ ಮನೆಗೆ ಹೋದೆ. ಮರುದಿನ ಮಾವನ ಕೈಹಿಡಿದು ಕರೆತಂದೆ. ಅವರಿಗೆ ಹಸಿರು ಗೌನು, ಟೋಪಿ ತೊಡಿಸಿ, ಕಣ್ಣಿಗೆ ಹನಿ ಹಾಕಿಸಿ ಕೂರಿಸಿ, ಆಪರೇಷನ್ ಕೋಣೆಯ ಬಾಗಿಲು ತೆಗೆದೆ.

ಒಳಗೆ ಹಬ್ಬ ಮುಗಿದಿತ್ತು. ಕಣ್ಣು ನೋಡುವ ಮೈಕ್ರೋಸ್ಕೋಪಿಗೆ ವಿಭೂತಿಯ ಪಟ್ಟೆ, ನಡುವೆ ಕುಂಕುಮ. ದೊಡ್ಡ ದೀಪಕ್ಕೆ ಚೆಂಡುಹೂವಿನ ಹಾರ. ಟೇಬಲ್ಲಿನ ಕೆಳಗೆ ಮಂಡಕ್ಕಿ, ಹೊಸ್ತಿಲ ಮೇಲೆ ಒಡೆದ ಬೂದುಗುಂಬಳದ ರಸ, ಅದಕ್ಕೆ ಮುತ್ತಿದ ಇರುವೆಗಳು. ಡಾಕ್ಟರ ಮನೆಯವರೆಲ್ಲ ತಮ್ಮ ಕೀಲಿಯಿಂದ ಬೀಗ ತೆಗೆದು ಬಂದು ಆಯುಧಗಳಿರುವ ಕಡೆಯೇ ಆಯುಧಪೂಜೆ ಮಾಡಿಹೋಗಿದ್ದರು. “ನಾನ್ ಬೇಡ ಅಂದೆ ಅಮ್ಮಾ,” ಎಂದು ಸೆಲ್ವಿ ಕೆಮ್ಮುತ್ತ ಹೇಳಿದಳು, “ಡಾಕ್ಟರ್ ಮನೆ ಪೆರಿಯಮ್ಮ ನನ್ ಕೈಯಲ್ಲೇ ಕುಂಬಳಕಾಯಿ ಒಡೆಸಿದ್ರು.”

ಡಾಕ್ಟರಿಗೆ ಗಾಬರಿಯೇನೂ ಇರಲಿಲ್ಲ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಹೊಸದಾಗಿ ಶೆಡ್ಡು ಹಾಕಿದ ಒಬ್ಬರು ಗಾಳಿ ಶುದ್ಧಿ ಮಾಡುವ ಸ್ಪ್ರೇ ತಂದುಕೊಟ್ಟಿದ್ದರು, ಖುದ್ದಾಗಿ ನಿಂತಿದ್ದರು ಕೂಡ. ಗುಡಿಸಿ, ಒರೆಸಿ, ಸ್ಪ್ರೇ ಹೊಡೆದರೆ ಒಂದು ಗಂಟೆಯಲ್ಲಿ ಕೋಣೆ ತಯಾರಂತೆ. ಆತ ಹೊಡೆದೇಬಿಟ್ಟರು. ಎಲ್ಲರೂ ಕಣ್ಣುಮುಚ್ಚಿ ಉಸಿರೆಳೆದುಕೊಂಡರು. “ಆಹಾ, ಮಲ್ಲಿಗೆ!” ಎಂದರು ಡಾಕ್ಟರು. ಹೊರಗಿನಿಂದ ಮಾವ ಕೂಡ, “ಯಾರ ಮದ್ವೆನೋ?” ಎಂದರು.

ನನಗೆ ಏನೂ ಘಮ್ಮೆನ್ನಲಿಲ್ಲ. ಮೂಗಿಗೆ ಕೆಲಸವಿಲ್ಲದ್ದರಿಂದ ಕಣ್ಣಿಗೆ ಕೆಲಸ ಕೊಟ್ಟೆ: ಬಾಟಲಿಯ ಚೀಟಿ ಓದಿದೆ. ಮಲ್ಲಿಗೆಯ ಚಿತ್ರವಿತ್ತು. ಕ್ರಿಮಿಗಳು ಅಂಗಾತ ಬಿದ್ದ ಚಿತ್ರವಿತ್ತು. ಬೇರೇನೂ ಇರಲಿಲ್ಲ.

“ಇದ್ರಲ್ಲಿ ಏನಿದೆ?” ಎಂದು ಕೇಳಿದೆ.

“ಮಲ್ಲಿಗೆ, ಮೇಡಂ.”

“ಮಲ್ಲಿಗೆ ಬಿಟ್ಟು?”

“ಅದು ಕಂಪನಿ ಗುಟ್ಟು, ಮೇಡಂ.”

“ಲೈಸೆನ್ಸ್ ನಂಬರ್ ಎಲ್ಲಿ?”

“ಅರ್ಜಿ ಹಾಕ್ಬೇಕು ಅಂತಿದೀವಿ. ಯಾವ ಆಫೀಸಿಗೆ ಹಾಕೋದು ಅಂತ ಆಫೀಸಿನೋರ್ಗೂ ಗೊತ್ತಿಲ್ಲ.”

ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ ಎಂಬುದೇ ನನ್ನನ್ನು ಹೆದರಿಸಿತು. ನಾನು ಪತ್ರ ಮುಟ್ಟಲಿಲ್ಲ. ಮತ್ತೆ ಹೊಗೆ ಹಾಕದೆ ಸಹಿ ಹಾಕುವುದಿಲ್ಲ ಎಂದೆ. ಡಾಕ್ಟರು ಗಟ್ಟಿಯಾಗಿ ಕೂಗಲಿಲ್ಲ; ಮೆಲ್ಲಗೆ, ಎಲ್ಲರಿಗೂ ಕೇಳಿಸುವಂತೆ, “ನೀನು ಬರೀ ಬಿ.ಎಸ್ಸಿ. ಕಣಮ್ಮ” ಎಂದರು. “ಹೌದು ಸರ್, ಹಾಗಾದ್ರೆ ನೀವೇ ಸಹಿ ಮಾಡ್ಬಿಡಿ” ಎಂದೆ. ಅವರು ಜೇಬಿನಿಂದ ಪೆನ್ನು ತೆಗೆದರು. ಪತ್ರವನ್ನು ನೋಡಿದರು, ಮೈಕ್ರೋಸ್ಕೋಪಿನ ಕುಂಕುಮ ನೋಡಿದರು, ಪೆನ್ನಿಗೆ ಕ್ಯಾಪು ಹಾಕಿ ಮತ್ತೆ ಜೇಬಿಗಿಟ್ಟರು.

ಹೊರಗೆ ಮಾವ ಬೆಂಚಿನ ಮೇಲೆ ಕೂಗಾಡುತ್ತಿದ್ದರು. “ನನ್ ಕಣ್ಣು, ನನ್ ಮುಹೂರ್ತ! ಮಧ್ಯ ನಿಂದೇನೇ ಮಾರಾಯ್ತಿ? ದೇವ್ರ ಪೂಜೆ ಆಗಿರೋ ರೂಮು. ಅದ್ಕಿಂತ ಶುದ್ಧಿ ಇನ್ನೇನೈತೆ?”

“ಮಾವ, ದೇವ್ರಿಗೆ ಎರಡು ಕಣ್ಣಿದೆ. ನಿಂಗೆ ಒಂದೇ.”

ಮಾವ ಹಸಿರು ಗೌನಿನಲ್ಲಿ, ಮೊಣಕಾಲಿನ ಮೇಲೆ ಕೈ ಇಟ್ಟು, ಏನೂ ಕಾಣದ ಕಡೆ ಮುಖ ಮಾಡಿ ಕುಳಿತರು. ಅಷ್ಟು ಹೇಳಬಾರದಿತ್ತೇನೋ. ಆದರೆ ಆ ಕಣ್ಣೂ ಹೋದರೆ ನನ್ನನ್ನು ಬೈಯಲು ನಾನು ಎಲ್ಲಿ ನಿಂತಿದ್ದೇನೆಂದೂ ಅವರಿಗೆ ತಿಳಿಯುತ್ತಿರಲಿಲ್ಲ.

ಅಂದೇ ಕೋಣೆಯನ್ನು ಮತ್ತೆ ತೊಳೆದೆ. ಕುಂಕುಮವನ್ನು ಸಂದಿಸಂದಿಯಿಂದ ಕೀಳಬೇಕಾಯಿತು. ಸೆಲ್ವಿಯನ್ನು ಹೊರಗೇ ನಿಲ್ಲಿಸಿ ಒಬ್ಬಳೇ ಫಾರ್ಮಲಿನ್ ಸುರಿದು ಓಡಿಬಂದು, ಗೋಡೆಗೆ ಒರಗಿ ಅತ್ತೆ. ಅದರಲ್ಲಿ ಹೊಗೆಯದೆಷ್ಟು, ನನ್ನದೆಷ್ಟು ಎಂದು ಬೇರೆ ಮಾಡಲು ಕೆಮಿಸ್ಟ್ರಿಯಲ್ಲಿ ಕಲಿಸಿರಲಿಲ್ಲ. ಹೊಗೆ ಸತ್ತ ಮೇಲೆ ಪತ್ರಕ್ಕೆ ಸಹಿ ಹಾಕಿದೆ. ಈ ಸಲ ಸಣ್ಣದಾಗಿ. ಮುಹೂರ್ತವಿಲ್ಲದ ಒಂದು ದಿನ ಮಾವನಿಗೆ ಆಪರೇಷನ್ ಆಯಿತು.

ಮರುದಿನ ಕಟ್ಟು ಬಿಚ್ಚಿ ಡಾಕ್ಟರು ತಾವೇ ಟಾರ್ಚು ಬಿಟ್ಟು ನೋಡಿ, “ಫಸ್ಟ್ ಕ್ಲಾಸ್” ಎಂದರು. ಮಾವ ಹೊರಗೆ ಬಂದು ಬೆಂಚಿನಲ್ಲಿ ಕುಳಿತು ಕ್ಯಾಲೆಂಡರು, ಫ್ಯಾನು, ಸೆಲ್ವಿಯ ಸೀರೆ ಎಲ್ಲವನ್ನೂ ಒಂದೊಂದಾಗಿ ನೋಡುತ್ತಿದ್ದರು. ಡಾಕ್ಟರು ನನ್ನನ್ನು ಒಳಗೆ ಕರೆದು ಒಂದು ಹಾಳೆ ಕೊಟ್ಟರು. ಅನುಭವ ಪತ್ರ. ‘ಇವರು ನಮ್ಮಲ್ಲಿ ಇಲ್ಲಿಯವರೆಗೆ ಕೆಲಸ ಮಾಡಿದ್ದು, ನಡತೆ ಉತ್ತಮವಾಗಿದೆ.’ ಇಲ್ಲಿಯವರೆಗೆ ಎಂದರೆ ಆ ದಿನದವರೆಗೆ. “ನಿನ್ನಂಥೋರು ದೊಡ್ಡ ಜಾಗದಲ್ಲಿರ್ಬೇಕಮ್ಮ” ಎಂದರು. ಬಾಗಿಲನ್ನೂ ಅವರೇ ತೆರೆದರು.

ಕೆಲಸ ಹೋಯಿತೆಂದು ಹೇಳುವ ಬದಲು ಹಾಳೆಯನ್ನೇ ಮಾವನ ಕೈಗಿಟ್ಟೆ. ಅವರಿಗೆ ಓದಲು ಬರುವುದಿಲ್ಲ, ನನ್ನ ಸಹಿಯ ಆಕಾರವೊಂದೇ ಗೊತ್ತು. ಆದರೂ ಹೊಸ ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ತಿರುಗಿಸಿ, ಬಹಳ ಹೊತ್ತು ನೋಡಿದರು.

“ಸೀಲು ನೇರಳೆ ಬಣ್ಣ, ಅಲ್ವೇನೇ? ಎಷ್ಟ್ ಚೆನ್ನಾಗ್ ಕಾಣ್ತೈತೆ ಮಾರಾಯ್ತಿ!” ಎಂದರು. ಆಮೇಲೆ ಕೆಳಗಿನ ಮೂಲೆಗೆ ಬೆರಳಿಟ್ಟರು. “ಆದ್ರೆ ಸಹಿ ನಿಂದಲ್ವಲ್ಲೇ. ನಾ ಹೇಳಿರ್ಲಿಲ್ವಾ?”