ಜಗಲಿ ಏರಿದ ಪದಕ

ಆ ಭಾನುವಾರ ಸಂಗಪ್ಪನನ್ನು ತಡೆಯುವ ಗಂಡು ಇಡೀ ಮುಂಬಯಿಯಲ್ಲಿ ಹುಟ್ಟಿರಲಿಲ್ಲ! ಅಂಧೇರಿಯ ಕಚೇರಿಯಲ್ಲಿ ಅವನು ಬರೀ ಗುಮಾಸ್ತನಿರಬಹುದು. ಗೋರೆಗಾಂವ್‌ನ ತನ್ನ ಪುಟ್ಟ ಫ್ಲ್ಯಾಟಿನಲ್ಲಿ ಮಾತ್ರ ಅವನು ಬ್ರಿಟಿಷ್ ಕಾಲದ ಅಶ್ವದಳದ ಅಧಿಕೃತ ಚರಿತ್ರೆಕಾರ. ಆ ಹುದ್ದೆಗೆ ಅವನನ್ನು ನೇಮಿಸಿದವನು ಅವನೇ.

ಅವನ ಸಂಗ್ರಹದಲ್ಲಿದ್ದದ್ದು ಒಂದೇ ಒಂದು ಪದಕ. ಅಫಘಾನ್ ಯುದ್ಧಕ್ಕೆ ಹೋಗಿಬಂದ ಕುದುರೆ ದಳದವನೊಬ್ಬನಿಗೆ ಕೊಟ್ಟ ಬೆಳ್ಳಿಯ ಪದಕ. ಒಂದು ಬದಿಗೆ ವಿಕ್ಟೋರಿಯಾ ರಾಣಿಯ ಮುಖ, ಇನ್ನೊಂದು ಬದಿಗೆ ಆನೆ, ಕುದುರೆ, ಸೈನಿಕರ ಸಾಲು. ಇಂಥ ಪದಕದ ಅಂಚಿನಲ್ಲಿ ಅದನ್ನು ಪಡೆದವನ ನಂಬರು, ಹುದ್ದೆ, ಹೆಸರು ಕೆತ್ತಿರುತ್ತಾರೆ. ಇದರಲ್ಲಿ ನಂಬರೊಂದನ್ನು ಬಿಟ್ಟು ಉಳಿದದ್ದೆಲ್ಲ ಸವೆದಿತ್ತು. ಅದರಿಂದೇನು? ‘ಸವಾರ 1147’ ಎಂದು ಹೆಸರಿಟ್ಟು ಸಂಗಪ್ಪ ಮೂರು ವರ್ಷ ಕೂತು ನಲವತ್ತು ಪುಟದ ಪ್ರಬಂಧ ಬರೆದಿದ್ದ. ಹದಿನೇಳನೇ ಪುಟದಲ್ಲಿ ಆ ವೀರ ಈಟಿ ಹಿಡಿದು ಒಬ್ಬನೇ ಒಂದು ಕಣಿವೆಯನ್ನು ಗೆಲ್ಲುತ್ತಿದ್ದ!

ಮಲಾಡ್‌ನ ಪದಕ ಸಂಗ್ರಾಹಕರ ಮಂಡಳಿ ಸಂಗಪ್ಪನ ಅರ್ಜಿಯನ್ನು ಎರಡು ಸಲ ತಿರಸ್ಕರಿಸಿತ್ತು. ಇವತ್ತು ಅದರ ಅಧ್ಯಕ್ಷ ಕಾಶಿನಾಥರೇ ಪದಕ ನೋಡಲು ಮನೆಗೆ ಬರುವವರಿದ್ದರು. ಒಪ್ಪಿದರೆ ಮುಂದಿನ ಸಭೆಯಲ್ಲಿ ಸಂಗಪ್ಪನ ಭಾಷಣ. ಒಪ್ಪದಿದ್ದರೆ ಮತ್ತೆ ಅರ್ಜಿ ಹಾಕುವ ಅವಕಾಶವಿರಲಿಲ್ಲ.

ಹತ್ತು ಗಂಟೆಗೆ ಬಿಳಿ ಕೈಗವಸು ತೊಟ್ಟು ಅವನು ಕಪಾಟು ತೆರೆದ. ಕಾಲುಚೀಲಗಳಿದ್ದವು. ಅವುಗಳ ಕೆಳಗೆ ಡಬ್ಬಿಯಿತ್ತು. ಡಬ್ಬಿಯಲ್ಲಿ ಹತ್ತಿಯಿತ್ತು. ಹತ್ತಿಯಲ್ಲಿ ಹತ್ತಿಯೇ ಇತ್ತು.

“ವಂದನಾ! ಪದಕ ಎಲ್ಲೈತಿ?”

“ಯಾರು, ನನ್ನ ಸವತಿ ಏನ್ರಿ?” ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. “ಅಕೀಗೆ ಹನ್ನೊಂದು ದಿನದಿಂದ ಪೂಜಿ ನಡದೈತಿ. ನನಗ ಒಂದ ಕಪ್ಪ ಚಾ ಕೊಡವರಿಲ್ಲ.”

ಸಂಗಪ್ಪ ದೇವರ ಜಗಲಿಯತ್ತ ಓಡಿದ. ನಟ್ಟನಡುವೆ, ವೀಳ್ಯದೆಲೆಯ ಮೇಲೆ ಗೋಡೆಗೊರಗಿ, ಮೈತುಂಬ ಅರಿಶಿನದ ಭಂಡಾರ ಬಳಿದುಕೊಂಡು ಅವನ ಪದಕ ಕೂತಿತ್ತು. ಎದುರಿಗೆ ಅವನ ತಾಯಿ ದಾನವ್ವ ಕೈಮುಗಿದು ಕೂತಿದ್ದಳು.

“ಅವ್ವಾ, ಏನ ಮಾಡೀಬೇ ಇದು?”

“ನೀ ಏನ ಮಾಡೀ ಅದನ್ನ ಹೇಳ. ಮೈಲಾರಲಿಂಗನ್ನ ಕಾಲಚೀಲದ ಬುಡಕ ಇಟ್ಟಿಯಲ್ಲೋ, ನಿನ್ನ ಬಾಯಾಗ ಮಣ್ಣ ಹಾಕ!”

ಅವರ ಮನೆದೇವರು ಕುದುರೆ ಏರುವ ಮೈಲಾರಲಿಂಗ. ಆತನ ಬೆಳ್ಳಿಯ ಬಿಲ್ಲೆ ಮನೆ ಬದಲಿಸುವಾಗ ಕಳೆದುಹೋಗಿ ಆರು ವರ್ಷವಾಗಿತ್ತು. ಮಗನ ಕಾಲುಚೀಲ ಮಡಚಿಡಲು ಹೋದ ದಾನವ್ವನಿಗೆ ಬೆಳ್ಳಿ ಸಿಕ್ಕಿತ್ತು, ಬೆಳ್ಳಿಯ ಮೇಲೆ ಕುದುರೆ ಸಿಕ್ಕಿತ್ತು. ಇನ್ನೇನು ಬೇಕು?

“ಅವ್ವಾ, ಹಿಂದ ವಿಕ್ಟೋರಿಯಾ ರಾಣಿ ಅದಾಳ!”

“ಅಕಿ ಗಂಗಿಮಾಳವ್ವ. ಹೇಣ್ತಿ ಗಂಡನ ಬೆನ್ನಿಗಿರದ ಮತ್ತೆಲ್ಲಿ ಇರಬೇಕು?”

“ಮತ್ತ ಆನಿ?”

“ದೇವರ ಮನ್ಯಾಗ ಒಂದ ಆನಿ ಇರಬಾರದೇನ?”

ಸಂಗಪ್ಪ ಬಗ್ಗಿ ನೋಡಿದ. ಪದಕ ಫಳಫಳ ಹೊಳೆಯುತ್ತಿತ್ತು. ಹಳೆಯ ಪದಕವನ್ನು ತೊಳೆಯಬಾರದು ಎಂಬುದು ಸಂಗ್ರಾಹಕರ ಮೊದಲ ನಿಯಮ.

“ಹುಣಸಿಹಣ್ಣ ಹಚ್ಚಿ ತಿಕ್ಕೇನಿ,” ಎಂದಳು ದಾನವ್ವ. “ಎಷ್ಟ ಹೊಲಸ ಮಾಡಿ ಇಟ್ಟಿದ್ದೆಪಾ!”

ನೂರನಲವತ್ತು ವರ್ಷಗಳ ಪೂಜ್ಯ ಕಪ್ಪು ಬಚ್ಚಲು ಸೇರಿತ್ತು! ಸಂಗಪ್ಪ ಪದಕಕ್ಕೆ ಕೈಚಾಚಿದ.

“ಮುಟ್ಟಬ್ಯಾಡ! ಮೊದಲ ಹೂ ಕೇಳಬೇಕು.”

ದಾನವ್ವ ಎರಡು ಎಸಳುಗಳನ್ನು ಒದ್ದೆ ಮಾಡಿ ಪದಕದ ಎಡಬಲಕ್ಕೆ ಅಂಟಿಸಿದಳು. ಬಲದ್ದು ಮೊದಲು ಬಿದ್ದರೆ ದೇವರ ಅಪ್ಪಣೆ. ಎಡದ್ದು ಬಿದ್ದರೆ ಇಲ್ಲ. ಸಂಗಪ್ಪ ಮಂಡಿಯೂರಿ ಮೈಲಾರ, ಗಂಗಿಮಾಳವ್ವ, ವಿಕ್ಟೋರಿಯಾ ಮೂವರಿಗೂ ಒಂದೊಂದು ತೆಂಗಿನಕಾಯಿ ಹರಕೆ ಹೊತ್ತ.

ಎಡಗಡೆಯ ಎಸಳು ಬಿತ್ತು.

“ಫ್ಯಾನಿನ ಗಾಳಿಗೆ ಬಿತ್ತವ್ವಾ!”

“ಗಾಳೀನೂ ಅವನ್ದ.”

ಅಷ್ಟರಲ್ಲಿ ಕರೆಗಂಟೆಯ ಸದ್ದಾಯಿತು. ಕಾಶಿನಾಥರು! ಇಸ್ತ್ರಿ ಅಂಗಿ, ಕೈಯಲ್ಲಿ ಭೂತಗನ್ನಡಿ. ಅವರು ಜಗಲಿ ನೋಡಿದರು, ಅರಿಶಿನ ನೋಡಿದರು, ಸಂಗಪ್ಪನನ್ನು ನೋಡಿದರು. ಸಿಕ್ಕ ಲೋಕಲ್ ಹತ್ತಿ ವಿರಾರ್‌ಗೆ ಹೋಗಿ ಅಲ್ಲೇ ಬೇರೆ ಹೆಸರಿನಲ್ಲಿ ಬದುಕಿಬಿಡೋಣ ಅನ್ನಿಸಿತು ಸಂಗಪ್ಪನಿಗೆ.

“ಮುಟ್ಟಂಗಿಲ್ರಿ,” ಎಂದಳು ದಾನವ್ವ.

“ಮುಟ್ಟೂದಿಲ್ರಿ, ಅವ್ವಾರ,” ಎಂದ ಕಾಶಿನಾಥರು ನೆಲದ ಮೇಲೆ ಬೋರಲು ಮಲಗಿ, ಭೂತಗನ್ನಡಿ ಹಿಡಿದು ಅಂಚನ್ನು ನೋಡತೊಡಗಿದರು.

“ನೋಡ, ಹೊರಗಿನವರು ಹೆಂಗ ದೀಡ ನಮಸ್ಕಾರ ಹಾಕ್ತಾರ!” ದಾನವ್ವ ಮಗನನ್ನು ತಿವಿದಳು.

ಐದು ನಿಮಿಷದ ಮೇಲೆ ಕಾಶಿನಾಥರು ತಲೆ ಎತ್ತಿದರು.

“ಸಂಗಪ್ಪನವರ, ಈ ಅರಿಶಿನ ಸವದ ಅಕ್ಷರದಾಗ ಹೊಕ್ಕು ಕೂತದ. ಎಲ್ಲಾ ಓದ್ಲಿಕ್ಕೆ ಬರ್ತದ!”

ಸಂಗಪ್ಪ ಅವರ ಪಕ್ಕದಲ್ಲೇ ಬಗ್ಗಿದ. “ನಮ್ಮ ಸವಾರನ ಹೆಸರೇನ್ರಿ, ಸರ?”

“ಸವಾರ ಅಲ್ರಿ. ನಾಲ್‌ಬಂದ್ ಪೀರ್ ಬಕ್ಷ್. ಕುದುರಿಗೆ ಲಾಳ ಬಡಿಯಾಂವ.”

ಮೂರು ವರ್ಷ ಸಂಗಪ್ಪ ಈಟಿ ಹಿಡಿಸಿದ್ದ ಕೈಯಲ್ಲಿ ಇದ್ದದ್ದು ಸುತ್ತಿಗೆ! ಹದಿನೇಳನೇ ಪುಟದ ಕಣಿವೆ ಶತ್ರುಗಳ ಪಾಲಾಯಿತು. ಅವನು ಗೋಡೆಗೆ ಒರಗಿ ಕೂತ.

“ಛಲೋ ಆತು ಬಿಡ,” ಎಂದಳು ದಾನವ್ವ. “ಲಾಳ ಇಲ್ಲದ ಮೈಲಾರನ ಕುದುರಿ ಗುಡ್ಡಾ ಹತ್ತತಿತ್ತೇನ?”

ಕಾಶಿನಾಥರು ಆ ಮಾತನ್ನು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಹಣೆಗೆ ಭಂಡಾರ ಹಚ್ಚಿಸಿಕೊಂಡು, “ಮುಂದಿನ ಸಭಾದ ಭಾಷಣ ನಿಮ್ಮ ಮನೀದ,” ಎಂದರು.

ಸಂಗಪ್ಪ ಕಣ್ಣೊರೆಸಿಕೊಂಡು ಎದ್ದ. “ಸರ, ಪ್ರಬಂಧ ತಿದ್ದಿ ತರ್ತೇನ್ರಿ.”

“ನೀವಲ್ರಿ, ಅವ್ವಾರು! ಸವದ ಅಂಚು ಅರಿಶಿನದಿಂದ ಓದೂದನ್ನ ಅವರು ನಮಗ ಕಲಿಸಬೇಕು. ಅವರ ಜೋಡಿ ಇನ್ನೊಬ್ಬರು ಬಂದರೂ ನಡೀತದ.”

ಅವರು ಹೋದ ಮೇಲೆ ಸಂಗಪ್ಪ ತಾಯಿಯ ಕಾಲ ಬಳಿ ಕೂತ. “ಅವ್ವಾ, ಮಲಾಡ್‌ಗೆ ನಾ ಬರ್ತೇನಬೇ. ಭಂಡಾರದ ಚೀಲಾ ಹಿಡಕೊಂಡ ಮೂಲ್ಯಾಗ ನಿಂದರ್ತೇನಿ.”

“ನನ್ನ ಯಾಕ ಕೇಳ್ತಿ?” ದಾನವ್ವ ಎರಡು ಎಸಳು ಒದ್ದೆ ಮಾಡಿದಳು.

ಈ ಸಲ ಸಂಗಪ್ಪ ತಾನೇ ಎದ್ದು ಫ್ಯಾನು ಆರಿಸಿದ. ಕಿಟಕಿ ಮುಚ್ಚಿದ. ಉಸಿರು ಬಿಗಿಹಿಡಿದ.

ಎಡಗಡೆಯ ಎಸಳು ಬಿತ್ತು.

“ಅತ್ತೀ,” ಅಡುಗೆಮನೆಯಿಂದ ವಂದನಾ ಕೂಗಿದಳು, “ನಾ ಯಾವ ಸೀರಿ ಉಡ್ಲಿ?”